ಕಾರಿನ ಹಿಂದಿನ ಲೈಟ್ ಪಕ್ಕದಿಂದ ಡಿಕ್ಕಿಗೆ ನೀರು ಬರ್ತಿದ್ಯಾ?

ನಮ್ಮ ತೀರ್ಥಹಳ್ಳಿ ಕಡೆ ಮಳೆ ಹಿಡಿದರೆ ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಲ್ಲುವುದು ಮಾಮೂಲು. ಡಿಕ್ಕಿಯ ರಬ್ಬರ್ ಬದಲಿಸುವ ಮುಂಚೆ ಹಿಂದಿನ ಲೈಟ್ ನೋಡಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ, ಇನ್ನೊಬ್ಬರು ಪೈಪಿನಲ್ಲಿ ನಿಧಾನಕ್ಕೆ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಸುಮ್ನೆ ಜೋರಾಗಿ ಹೊಡೆದರೆ ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಗೊತ್ತಾಗುವುದಿಲ್ಲ.

ಲೈಟ್ ಬಿಚ್ಚಿದರೆ ಹಿಂದೆ ಫೋಮ್ ಗ್ಯಾಸ್ಕೆಟ್, ಅಂದರೆ ನೀರು ತಡೆಯುವ ಸ್ಪಂಜಿನಂಥ ಪಟ್ಟಿ, ಇರುತ್ತದೆ. ಬೆರಳಲ್ಲಿ ಒತ್ತಿ ನೋಡಿ. ಮತ್ತೆ ಉಬ್ಬದೆ ಚಪ್ಪಟೆಯಾಗಿಯೇ ಉಳಿದರೆ ಅದರ ಕಥೆ ಮುಗಿಯಿತು. ಹಳೆಯದನ್ನು ಪೂರ್ತಿ ಕೆರೆದು ತೆಗೆದು, ಜಾಗ ಒರೆಸಿ ಒಣಗಿಸಿ, ಹೊಸದು ಹಾಕಿ. ಹುಳಿ ವಾಸನೆಯ ಸಿಲಿಕೋನ್ ಅಂಟು ಮಾತ್ರ ದಯವಿಟ್ಟು ಮೆತ್ತಬೇಡಿ, ತಗಡಿಗೆ ತುಕ್ಕು ಹಿಡಿಯುತ್ತದೆ. ನಟ್ಟನ್ನೂ ಜಾಸ್ತಿ ಬಿಗಿಯಬೇಡಿ, ಪ್ಲಾಸ್ಟಿಕ್ ಅಲ್ವಾ, ಸೀಳಿಬಿಡುತ್ತದೆ.