ವಾಲಿ ಅನ್ನೋ ಪದವನ್ನ ನಾನು ಬಿಡಿಸಿಕೊಂಡಿದ್ದು ಹೀಗೆ

ಅನುವಾದ ನನ್ನ ಕೆಲಸ. ಇವತ್ತು ಟೆನಿಸ್ ವರದಿ ಬಂದ್ರೆ ನಾಳೆ ಯಾವುದೋ ಯುದ್ಧದ ಇತಿಹಾಸ, ಎರಡರಲ್ಲೂ ತಪ್ಪದೆ ಎದುರಾಗೋ ಇಂಗ್ಲಿಷ್ ಪದ ವಾಲಿ (volley). ವಾಲಿಬಾಲ್‌ನಲ್ಲಿರೋ ವಾಲಿನೇ, ಸುಗ್ರೀವನ ಅಣ್ಣ ಅಲ್ಲ (ಅವನಿಗೆ ಬಿದ್ದಿದ್ದು ಒಂದೇ ಬಾಣ, ಹಾಗಾಗಿ ಯುದ್ಧದ ಅರ್ಥಕ್ಕೂ ಅವನು ಹೊಂದಲ್ಲ). ಡಿಕ್ಷನರಿ ಅರ್ಥಗಳಿಗೆ ನಂಬರ್ ಹಾಕಿ ಕೊಡುತ್ತೆ, ಯಾವುದು ಎಲ್ಲಿಗೆ ಅಂತ ನಾವೇ ನೋಡ್ಕೋಬೇಕು. ನಾನು ಸಿಕ್ಕಿದ ವಾಕ್ಯಗಳನ್ನೆಲ್ಲ ಒಂದು ಫೈಲಿಗೆ ಹಾಕ್ತಾ ಹೋದೆ, ಪ್ರತಿಯೊಂದಕ್ಕೂ ಎರಡೇ ಪ್ರಶ್ನೆ. ಹಾರಿದ್ದು ಒಂದೋ ಹಲವೋ? ನೆಲ ಮುಟ್ಟಿತ್ತೋ ಇಲ್ವೋ?

ಯುದ್ಧದಲ್ಲಿ ಯಾವಾಗ್ಲೂ ಹಲವು. ಹಳೇ ಮಸ್ಕೆಟ್ ಬಂದೂಕಲ್ಲಿ ದೂರದ ಒಬ್ಬನಿಗೆ ಗುರಿಯಿಟ್ಟು ಹೊಡೆಯೋದು ನಂಬೋ ಮಾತಲ್ಲ, ಪಳಗಿದ ಸೈನಿಕನೂ ನಿಮಿಷಕ್ಕೆ ಎರಡು ಮೂರು ಸಲ ಹೊಡೆದ್ರೆ ಹೆಚ್ಚು, ಅದಕ್ಕೇ ಸಾಲಾಗಿ ನಿಂತು ಆರ್ಡರ್ ಬಂದ ತಕ್ಷಣ ಎಲ್ರೂ ಒಟ್ಟಿಗೆ ಹಾರಿಸ್ತಿದ್ರು. 1590ರ ದಶಕದಲ್ಲಿ ಮಾರಿಸ್ ಆಫ್ ನಾಸೌ ಕೈಕೆಳಗಿನ ಡಚ್ ಸೇನೆ ಇದನ್ನ ಕವಾಯತು ಮಾಡ್ಕೊಂಡಿತು: ಮುಂದಿನ ಸಾಲು ಹೊಡೆದು ಹಿಂದಕ್ಕೆ ಹೋಗಿ ಮದ್ದು ತುಂಬೋದು, ಅಷ್ಟರಲ್ಲಿ ಅದರ ಹಿಂದಿನ ಸಾಲು ಹೊಡೆಯೋದು. ಇಂಥ ಕಡೆ "ಗುಂಡಿನ ಸುರಿಮಳೆ" ಅಂತ ಬರೆಯೋದು ನನಗೆ ಒಪ್ಪಲ್ಲ. ಮಳೆ ಸುರೀತಾನೇ ಇರುತ್ತೆ, ಇಲ್ಲಿ ಒಂದೇ ಸಲಕ್ಕೆ ಢಂ ಅಂದು ಮುಗೀತು, ಆಮೇಲೆ ಹೊಗೆ, ಮದ್ದು ತುಂಬೋ ಗಡಿಬಿಡಿ. "ಎಲ್ಲರೂ ಒಟ್ಟಿಗೆ ಗುಂಡು ಹಾರಿಸಿದರು" ಅಂತಲೇ ಹಾಕ್ತೀನಿ. ಬಾಣಕ್ಕಾದ್ರೆ, ಪ್ರಶ್ನೆಗಳಿಗಾದ್ರೆ ಸುರಿಮಳೆ ಓಕೆ. ಅಂತ್ಯಸಂಸ್ಕಾರದ ಗೌರವಕ್ಕೆ "ಮೂರು ಸುತ್ತು ಗುಂಡು" ಇದ್ದೇ ಇದೆ. ಅದನ್ನೂ ಕುಶಾಲತೋಪು ಅಂತ ಬರೆಯೋರಿದಾರೆ, ನಾನು ಮಾತ್ರ ತೋಪನ್ನ ಫಿರಂಗಿಗೇ ಬಿಟ್ಟಿದೀನಿ.

ಆಟಕ್ಕೆ ಬಂದ್ರೆ ಲೆಕ್ಕ ಉಲ್ಟಾ. ಚೆಂಡು ಒಂದೇ, ನೆಲ ಮುಟ್ಟೋಕೆ ಮುಂಚೆ ಹೊಡೀಬೇಕು ಅಷ್ಟೇ. ಫುಟ್‌ಬಾಲ್‌ನ 2002ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಮೇಲಿಂದ ಇಳೀತಿದ್ದ ಚೆಂಡನ್ನ ಜಿಡಾನ್ ಎಡಗಾಲಲ್ಲಿ ಹಾಗೇ ಗೋಲಿಗೆ ಬಾರಿಸಿದ್ದು ನೋಡಿದೋರಿಗೆ ಬೇರೆ ವಿವರಣೆ ಬೇಡ. ಟೇಬಲ್ ಟೆನಿಸ್‌ನಲ್ಲಿ ಮಾತ್ರ ಟೇಬಲ್ ಮೇಲೆ ಬರ್ತಿರೋ ಚೆಂಡನ್ನ ಪುಟಿಯೋ ಮುಂಚೆ ಮುಟ್ಟಿದ್ರೆ ಪಾಯಿಂಟ್ ಹೋಯ್ತು.

ಫೈಲಲ್ಲಿ ನನಗೆ ಮಜಾ ಅನ್ನಿಸಿದ್ದು ಹಾಫ್ ವಾಲಿ. ಹೆಸರಲ್ಲಿ ವಾಲಿ ಇದೆ, ಆದ್ರೆ ಚೆಂಡು ನೆಲ ಮುಟ್ಟಿ ಆಗಿರುತ್ತೆ, ಪುಟಿದ ಕ್ಷಣದಲ್ಲೇ ಹೊಡೆಯೋದು. ಕ್ರಿಕೆಟ್‌ನಲ್ಲಿ ಹಾಫ್ ವಾಲಿ ಸಿಕ್ಕಿದ್ರೆ ಬ್ಯಾಟ್ಸ್‌ಮನ್‌ಗೆ ಹಬ್ಬ, ಆರಾಮಾಗಿ ಡ್ರೈವ್ ಮಾಡ್ತಾನೆ, ಬೌಲರ್ ತಲೆ ಚಚ್ಚಿಕೊಳ್ತಾನೆ. ಟೆನಿಸ್‌ನಲ್ಲಿ ಅದೇ ಚೆಂಡು ಕಾಲ ಬುಡಕ್ಕೆ ಬಂದ್ರೆ ಆಟಗಾರ ಬಗ್ಗಿ ಹೆಂಗೋ ಎತ್ತಿ ಹಾಕಿ ಬಚಾವಾಗ್ತಾನೆ. ಹಾಗಾಗಿ ಯಾವ ಆಟ ಅಂತ ನೋಡದೆ ನಾನು ಇದನ್ನ ಮುಟ್ಟಲ್ಲ.

ವಾಲಿಬಾಲ್‌ಗೆ 1895ರಲ್ಲಿ ವಿಲಿಯಂ ಮಾರ್ಗನ್ ಇಟ್ಟಿದ್ದ ಹೆಸರು ಮಿಂಟೊನೆಟ್, ಮರುವರ್ಷ ಆಲ್ಫ್ರೆಡ್ ಹಾಲ್‌ಸ್ಟೆಡ್ ಅನ್ನೋರು ಚೆಂಡು ನೆಟ್ ಮೇಲೆ ಅತ್ತಿತ್ತ ಹಾರೋದು ನೋಡಿ ಈಗಿನ ಹೆಸರು ಸೂಚಿಸಿದ್ರು. ಈ ಅತ್ತಿತ್ತ ಅನ್ನೋದೇ ರಾಜಕೀಯ ವರದಿಗಳಲ್ಲಿ ತಲೆ ತಿನ್ನುತ್ತೆ, "ಮಾತಿನ ವಾಲಿ" ಅಂತ ಬಂದ್ರೆ ಒಬ್ಬನೇ ಬೈದನೋ ಇಬ್ರೂ ಬೈದಾಡಿದ್ರೋ? ಮುಂದಿನ ಪ್ಯಾರಾ ನೋಡ್ತೀನಿ. ಎದುರಿನೋನು ಉತ್ತರ ಕೊಟ್ಟಿದ್ರೆ "ಮಾತಿನ ಚಕಮಕಿ", ಕೊಡದಿದ್ರೆ "ಬೈಗುಳದ ಸುರಿಮಳೆ".