ಸನ್ನಿವೇಶಕ್ಕೆ ಸಂಘರ್ಷ ತುಂಬುವುದು ಹೇಗೆ?

ಮೊದಲ ಕಾದಂಬರಿಗೆ ಕೈಹಾಕಿದವರು ಅಧ್ಯಾಯಗಳ ಪಟ್ಟಿಯನ್ನು ಉತ್ಸಾಹದಿಂದಲೇ ಸಿದ್ಧಪಡಿಸುತ್ತಾರೆ. ಆದರೆ ಐದಾರು ಅಧ್ಯಾಯ ದಾಟುವಷ್ಟರಲ್ಲಿ ಬರವಣಿಗೆ ಸೊರಗತೊಡಗುತ್ತದೆ. ಕಾರಣ ಬಹುಮಟ್ಟಿಗೆ ಆ ಪಟ್ಟಿಯಲ್ಲಿಯೇ ಇರುತ್ತದೆ. ಏನು ನಡೆಯುತ್ತದೆ ಎಂಬುದನ್ನು ಅಲ್ಲಿ ಬರೆದಿರುತ್ತೇವೆ, ಯಾರಿಗೆ ಏನು ಬೇಕು, ಅದಕ್ಕೆ ಅಡ್ಡ ನಿಂತವರು ಯಾರು ಎಂಬುದನ್ನು ಬರೆದಿರುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಹೀಗೊಂದು ಸಾಲು ಇದೆ ಎಂದುಕೊಳ್ಳೋಣ: ‘ತಂದೆಯ ಶ್ರಾದ್ಧಕ್ಕೆ ಊರಿಗೆ ಬಂದ ತಮ್ಮ, ಅಡಿಕೆ ತೋಟದ ಪಾಲಿನ ವಿಷಯವಾಗಿ ಅಣ್ಣನೊಡನೆ ಮಾತನಾಡುತ್ತಾನೆ.’ ಮೊದಲು ಈ ಸಾಲಿನ ಕೆಳಗೆ ಇಬ್ಬರ ಬೇಡಿಕೆಯನ್ನೂ ಬರೆಯಿರಿ. ‘ನೆಮ್ಮದಿ ಬೇಕು’, ‘ಪ್ರೀತಿ ಬೇಕು’ ಎಂಬಂಥವು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಸನ್ನಿವೇಶ ಮುಗಿಯುವುದರೊಳಗೆ ಸಿಕ್ಕಿತು ಅಥವಾ ಸಿಗಲಿಲ್ಲ ಎಂದು ಹೇಳಬಹುದಾದ ಬೇಡಿಕೆಯೇ ಆಗಬೇಕು: ತಮ್ಮನಿಗೆ ಈ ದಿನವೇ ಪಾಲುಪಟ್ಟಿಗೆ ಅಣ್ಣನ ಸಹಿ ಬೇಕು, ಅಣ್ಣನಿಗೆ ತಾಯಿ ಬದುಕಿರುವವರೆಗೆ ತೋಟ ಒಡೆಯಕೂಡದು.

ಅನಂತರ ಇಬ್ಬರಿಗೂ ನ್ಯಾಯವನ್ನು ಹಂಚಿರಿ. ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ ಎಂಬುದು ನನ್ನ ಅನಿಸಿಕೆ. ಒಬ್ಬನನ್ನು ದುರಾಸೆಯವನನ್ನಾಗಿ ಮಾಡಿಬಿಟ್ಟರೆ ಓದುಗರು ಮೊದಲ ಪುಟದಲ್ಲೇ ತೀರ್ಪು ಕೊಟ್ಟು ಮುಂದೆ ಹೋಗುತ್ತಾರೆ. ತಮ್ಮನ ಕೆಲಸ ಹೋಗಿ ಬ್ಯಾಂಕಿನ ಕಂತುಗಳು ಬಾಕಿ ಬಿದ್ದಿರಲಿ. ಅಣ್ಣನೋ ಕೊಳೆರೋಗ ಬಂದ ವರ್ಷಗಳಲ್ಲಿಯೂ ಸೊಸೈಟಿಯಲ್ಲಿ ಸಾಲ ಮಾಡಿ ತೋಟವನ್ನು ಉಳಿಸಿಕೊಂಡವನಾಗಿರಲಿ. ಆಗ ಓದುಗರಿಗೆ ಯಾರ ಪಕ್ಷ ವಹಿಸಬೇಕೆಂದು ತೋಚುವುದಿಲ್ಲ, ಓದುವುದನ್ನು ನಿಲ್ಲಿಸುವುದಕ್ಕೂ ಆಗುವುದಿಲ್ಲ.

ಮೂರನೆಯ ಹೆಜ್ಜೆ, ‘ನಾಳೆ ನೋಡೋಣ’ ಎಂದು ಯಾರೂ ಎದ್ದುಹೋಗದಂತೆ ಮಾಡುವುದು. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ಕಾದಂಬರಿಯ ಆರಂಭ ಇದಕ್ಕೆ ಬಹಳ ಒಳ್ಳೆಯ ಪಾಠ. ಬ್ರಾಹ್ಮಣ್ಯವನ್ನು ಧಿಕ್ಕರಿಸಿ ಬದುಕಿದ ನಾರಣಪ್ಪ ಸತ್ತಿದ್ದಾನೆ. ಅವನಿಗೆ ಮಕ್ಕಳಿಲ್ಲ, ಅಗ್ರಹಾರ ಅವನಿಗೆ ಬಹಿಷ್ಕಾರವನ್ನೂ ಹಾಕಿರಲಿಲ್ಲ. ಹೀಗಿರುವಾಗ ಶವಸಂಸ್ಕಾರ ಮಾಡುವವರು ಯಾರು ಎಂಬ ಪ್ರಶ್ನೆಯನ್ನು ವರ್ಷಗಟ್ಟಲೆ ಚರ್ಚಿಸಬಹುದಿತ್ತು. ಆದರೆ ಶವ ಸುಡುವವರೆಗೆ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಧರ್ಮದ ಜಿಜ್ಞಾಸೆ ಹಸಿವಿಗೆ ತಗುಲಿಕೊಂಡ ಕೂಡಲೇ ಪ್ರತಿ ಗಳಿಗೆಗೂ ಬೆಲೆ ಬರುತ್ತದೆ.

ಅಲ್ಲಿಯೇ ನಾಲ್ಕನೆಯ ಹೆಜ್ಜೆಯೂ ಕಾಣುತ್ತದೆ. ಸಂಸ್ಕಾರದ ಖರ್ಚಿಗೆಂದು, ನಾರಣಪ್ಪನೊಡನೆ ಬಾಳುತ್ತಿದ್ದ ಚಂದ್ರಿ ತನ್ನ ಚಿನ್ನವನ್ನು ಬಿಚ್ಚಿಡುತ್ತಾಳೆ. ಅದುವರೆಗೆ ಯಾರಿಗೂ ಬೇಡವಾಗಿದ್ದ ಕೆಲಸದ ಮೇಲೆ ಈಗ ಆಸೆ ಹುಟ್ಟುತ್ತದೆ, ಆದರೆ ಆಸೆಯನ್ನು ಬಾಯಿಬಿಟ್ಟು ಹೇಳಲು ಆಗುವುದಿಲ್ಲ. ಸಮಸ್ಯೆಯನ್ನು ಪರಿಹರಿಸಬೇಕಿದ್ದ ವಸ್ತುವೇ ಅದನ್ನು ಇನ್ನಷ್ಟು ಜಟಿಲಗೊಳಿಸುವ ಇಂಥ ಒಂದು ತಿರುವನ್ನು ನಿಮ್ಮ ಸನ್ನಿವೇಶದಲ್ಲಿಯೂ ಹುಡುಕಿರಿ. ಉದಾಹರಣೆಗೆ, ತಾಯಿಯೇ ತನ್ನ ಪಾಲನ್ನು ತಮ್ಮನಿಗೆ ಕೊಡುತ್ತೇನೆ ಎಂದುಬಿಟ್ಟರೆ ಅಣ್ಣ ಏನು ಮಾಡಿಯಾನು?

ಸಂಘರ್ಷವೆಂದರೆ ಕೂಗಾಟವೆಂದು ಭಾವಿಸಬೇಕಾಗಿಲ್ಲ. ಪುರೋಹಿತರೂ ನೆಂಟರೂ ಕುಳಿತಿರುವ ಮನೆಯಲ್ಲಿ ಅಣ್ಣತಮ್ಮಂದಿರು ದನಿಯೇರಿಸಲಾರರು. ದಕ್ಷಿಣೆಯ ಹಣವನ್ನು ಯಾರು ಮೊದಲು ತೆಗೆದರು, ಊಟದ ಪಂಕ್ತಿಯಲ್ಲಿ ಯಾರು ಯಾರ ಮುಖ ನೋಡಲಿಲ್ಲ ಎಂಬುದರಲ್ಲಿಯೇ ಜಗಳ ನಡೆಯಬೇಕು. ಜಾಗ, ವೇಳೆ, ಸುತ್ತಲಿನ ಜನ ಇವನ್ನು ಯೋಜನೆಯ ಹಂತದಲ್ಲೇ ಗುರುತು ಹಾಕಿಕೊಂಡರೆ ಸಂಭಾಷಣೆ ತಾನಾಗಿ ಬಿಗಿಯಾಗುತ್ತದೆ.

ಕೊನೆಗೆ ಹಳೆಯ ಸಾಲನ್ನು ಹೊಡೆದುಹಾಕಿ ಹೊಸದಾಗಿ ಬರೆಯಿರಿ: ‘ಸಂಜೆಯ ಬಸ್ಸು ಹೊರಡುವುದರೊಳಗೆ ಸಹಿ ಪಡೆಯಲೇಬೇಕಾದ ತಮ್ಮ, ಶ್ರಾದ್ಧದ ಊಟ ಮುಗಿಯುವವರೆಗೆ ಬಾಯಿ ಬಿಡಲಾರ, ಅಷ್ಟರಲ್ಲಿ ತಾಯಿ ಎಲ್ಲರೆದುರು ತನ್ನ ಪಾಲನ್ನು ಅವನಿಗೆ ಕೊಟ್ಟುಬಿಡುತ್ತಾಳೆ, ಅಣ್ಣ ಎಲೆಯ ಮುಂದಿನಿಂದ ಏಳುತ್ತಾನೆ.’