ಪಕ್ಕದ ಮನೆಯವರು ಕಳಿಸಿದ ವಕೀಲ ನೋಟಿಸಿಗೆ ನಾನು ಉತ್ತರ ಕೊಟ್ಟ ಬಗೆ

2022ರ ಜುಲೈ. ಶಾಲೆ ಮುಗಿಸಿ ಮನೆಗೆ ಬಂದಾಗ ಅತ್ತೆ ಜಗಲಿಯಲ್ಲಿ ಕೂತಿದ್ದರು. ಕತ್ತಲಾಗಿದ್ದರೂ ದೀಪ ಹಚ್ಚಿರಲಿಲ್ಲ. ಕೈಯಲ್ಲಿ ಒಂದು ರಿಜಿಸ್ಟರ್ಡ್ ಲಕೋಟೆ. "ಪೋಸ್ಟಿನವ ಕೊಟ್ಟು ಹೋದ. ಕೋರ್ಟಿನದ್ದಂತೆ ಕಾಣ್ತದೆ ಮಗಾ" ಎಂದರು.

ಅದು ಕೋರ್ಟಿನದ್ದಲ್ಲ. ಪಕ್ಕದ ಮನೆಯವರು ತಮ್ಮ ವಕೀಲರ ಮೂಲಕ ಕಳಿಸಿದ ನೋಟಿಸ್. ಆದರೆ ಆ ರಾತ್ರಿ ನಮಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ. ನಮ್ಮ ಪಾಗಾರ (ಕಂಪೌಂಡ್ ಗೋಡೆ) ಅವರ ಜಾಗದೊಳಗೆ 3 ಅಡಿ ಬಂದಿದೆ, 15 ದಿನದಲ್ಲಿ ಒಡೆಯಬೇಕು, ಇಲ್ಲದಿದ್ದರೆ 5 ಲಕ್ಷ ರೂಪಾಯಿ ಪರಿಹಾರಕ್ಕೆ ದಾವೆ, ಮೇಲಿಂದ ಕ್ರಿಮಿನಲ್ ಕೇಸು ಎಂದು ಬರೆದಿತ್ತು. ಅತ್ತೆ ಊಟ ಮಾಡಲಿಲ್ಲ. ನನ್ನ ಗಂಡ ಮಸ್ಕತ್‌ನಲ್ಲಿ. ಫೋನಿನಲ್ಲಿ ಅವರಿಗೂ ಏನು ಹೇಳಬೇಕೆಂದು ತೋಚಲಿಲ್ಲ.

ನಮ್ಮ ಮನೆ ಮಣಿಪಾಲ, ಪರ್ಕಳ ದಾಟಿ ಸ್ವಲ್ಪ ಒಳಗೆ. ಇಳಿಜಾರಿನ ಜಾಗ. ಮೇಲಿನ ಪ್ಲಾಟಿನ ಮಳೆನೀರು ಗಡಿಯ ಪಕ್ಕದ ಒಂದು ತೋಡಿನಲ್ಲಿ (ಸಣ್ಣ ನೀರಿನ ಕಾಲುವೆ) ಹರಿದು ರಸ್ತೆ ಬದಿಯ ಚರಂಡಿ ಸೇರುತ್ತಿತ್ತು. 2021ರಲ್ಲಿ ಆ ಪ್ಲಾಟನ್ನು ಈ ಪಕ್ಕದ ಮನೆಯವರು ಕೊಂಡರು. ಮಣ್ಣು ತುಂಬಿಸಿ ಎತ್ತರ ಮಾಡಿದರು. ತೋಡು ಮುಚ್ಚಿ ಹೋಯಿತು. ಮುಂದಿನ ಜೂನ್‌ನಲ್ಲಿ ಕೆಸರುನೀರು ನಮ್ಮ ಅಂಗಳಕ್ಕೆ ಬಂತು, ಬಾವಿಯ ನೀರು ಕೆಂಪಾಯಿತು. ಉಡುಪಿಯ ಮಳೆ ಅಂದರೆ ಗೊತ್ತಲ್ವಾ, ವರ್ಷಕ್ಕೆ 4,000 ಮಿಲಿಮೀಟರ್ ದಾಟುತ್ತದೆ. ನಾನು ಹೋಗಿ "ತೋಡು ಬಿಡಿಸಿ ಕೊಡಿ" ಎಂದು ಕೇಳಿದೆ. "ಮೊದಲು ನಿಮ್ಮ ಪಾಗಾರ ತೆಗೀರಿ ಟೀಚರ್, ಮತ್ತೆ ತೋಡಿನ ಮಾತು. ಕೋರ್ಟಿಗೆ ಹಾಕಿದರೆ ನಿಮ್ಮ ಕೆಲಸಕ್ಕೂ ತೊಂದರೆ" ಎಂದರು. ಮೂರು ವಾರ ಕಳೆದ ಮೇಲೆ ನೋಟಿಸ್ ಬಂತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. ನಾನು ಕೇಳಿದ್ದು ನೀರಿನ ವಿಷಯ. ಬಂದ ಬೆದರಿಕೆ ಪಾಗಾರದ್ದು. ಹೆದರಿಕೆಯಲ್ಲಿ ನಾವು ಪಾಗಾರದ ಬಗ್ಗೆಯೇ ಯೋಚಿಸುತ್ತಾ ತೋಡನ್ನು ಮರೆತುಬಿಟ್ಟಿದ್ದೆವು. ನೆನಪಿಸಿದ್ದು ವಕೀಲರು.

ನನ್ನ ಸಹೋದ್ಯೋಗಿಯ ಅಕ್ಕ ಉಡುಪಿ ಕೋರ್ಟಿನಲ್ಲಿ ವಕೀಲರು. ಶನಿವಾರ ಮಧ್ಯಾಹ್ನ ಅವರ ಆಫೀಸಿಗೆ ಹೋದೆ. ನೋಟಿಸ್ ಓದಿ ಅವರು ಮೊದಲು ಕೇಳಿದ್ದು, "ಟೀಚರ್, ಇದರಲ್ಲಿ ಕೋರ್ಟಿನ ಸೀಲ್ ಎಲ್ಲಿದೆ? ಕೇಸ್ ನಂಬರ್ ಎಲ್ಲಿದೆ?" ಎರಡೂ ಇರಲಿಲ್ಲ. ವಕೀಲ ನೋಟಿಸ್ ಒಬ್ಬ ಕಕ್ಷಿದಾರನ ಪರವಾಗಿ ಬರೆದ ಪತ್ರ, ಅಷ್ಟೇ. ಅದರಲ್ಲಿ ಹಾಕಿದ 15 ದಿನ ಅವರೇ ಹಾಕಿಕೊಂಡದ್ದು. ಕೋರ್ಟಿನಿಂದ ಸಮನ್ಸ್ ಬಂದರೆ ವಿಷಯ ಪೂರ್ತಿ ಬೇರೆ. ಆಗ 30 ದಿನದಲ್ಲಿ ಲಿಖಿತ ಉತ್ತರ ಕೊಡಬೇಕು. ಕೋರ್ಟು ಒಪ್ಪಿದರೆ ಅದು 90 ದಿನದವರೆಗೆ ಹೋಗಬಹುದು. ಸಮನ್ಸ್ ಬಂದೂ ಹಾಜರಾಗದಿದ್ದರೆ ನಮ್ಮ ಮಾತು ಕೇಳದೆಯೇ ತೀರ್ಪು ಆಗಬಹುದು. ಹಾಗಾಗಿ ಕಾಗದ ಬಂದಾಗ ಅದು ಯಾರು ಕಳಿಸಿದ್ದು ಎಂದು ಮೊದಲು ನೋಡಬೇಕು.

ವಕೀಲ ನೋಟಿಸಿಗೆ ಉತ್ತರ ಕೊಡಲೇಬೇಕು ಎಂಬ ಕಡ್ಡಾಯ ಸಾಮಾನ್ಯವಾಗಿ ಇಲ್ಲ. ಆದರೂ ನಮ್ಮ ವಕೀಲರು ಕೊಡಿ ಎಂದರು. ಸುಮ್ನೆ ಕೂತರೆ ನಾಳೆ "ಅವರ ಹತ್ತಿರ ಉತ್ತರವೇ ಇರಲಿಲ್ಲ" ಎನ್ನುತ್ತಾರೆ. ನಾನು ಮನೆಯಲ್ಲೇ ಒಂದು ಉತ್ತರ ಬರೆದುಕೊಂಡು ಹೋಗಿದ್ದೆ, ನಾಲ್ಕು ಪುಟ. ಅವರು ಅದನ್ನು ಒಂದೂವರೆ ಪುಟಕ್ಕೆ ಇಳಿಸಿದರು. ನನ್ನ ಸಿಟ್ಟೆಲ್ಲ ಹೋಯಿತು. "ನಾವು ಒಂದಿಂಚೂ ಒತ್ತುವರಿ ಮಾಡಿಲ್ಲ" ಎಂಬ ಸಾಲಿನ ಮೇಲೆ ಪೆನ್ನು ನಿಲ್ಲಿಸಿದರು.

"ಅಳತೆ ಆಗಿದೆಯಾ?"

"ಇಲ್ಲ ಮೇಡಂ."

"ಹಾಗಾದರೆ ಈ ಸಾಲು ಬೇಡ. ಅಳತೆಗೆ ಅರ್ಜಿ ಹಾಕುತ್ತಿದ್ದೇವೆ, ಬಂದದ್ದನ್ನು ಒಪ್ಪುತ್ತೇವೆ ಅಂತ ಬರೆಯುವ."

ಉತ್ತರದ ಎರಡನೇ ಭಾಗ ಪೂರ್ತಿ ತೋಡಿನ ಬಗ್ಗೆ. ಎಂದಿನಿಂದ ಇತ್ತು, ಯಾವಾಗ ಮುಚ್ಚಿತು, ಬಾವಿಗೆ ಏನಾಯಿತು. ಇದರಿಂದ ನಮ್ಮ ಮೂಲ ವಿಷಯವೂ ಬರಹಕ್ಕೆ ಬಂತು.

ಅದೇ ವಾರ ಕೇವಿಯಟ್ ಹಾಕಿದೆವು. ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಂ. ಎದುರಿನವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ಕೇಳಿದರೆ ನಮಗೆ ತಿಳಿಸಿ, ನಮ್ಮ ಮಾತನ್ನೂ ಕೇಳಬೇಕು ಎಂದು ಮೊದಲೇ ಅರ್ಜಿ ಕೊಟ್ಟಿಡುವುದು. ಪ್ರತಿಯನ್ನು ಎದುರಿನವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆವು. 90 ದಿನ ಮಾತ್ರ ಅದಕ್ಕೆ ಜೀವ, ಆಮೇಲೆ ಹೊಸದಾಗಿ ಹಾಕಬೇಕು. ನಾವು ಎರಡು ಸಲ ಹಾಕಿದೆವು. ಅದು ಹಾಕಿದ ದಿನ ನಾನು ಸರಿಯಾಗಿ ನಿದ್ದೆ ಮಾಡಿದೆ. ಶಾಲೆಗೆ ಹೋದಾಗ ಯಾರೋ ತಡೆಯಾಜ್ಞೆ ತಂದು, ಪಾಗಾರ ಒಡೆಯಲು ಜೆಸಿಬಿ ತಂದು ನಿಲ್ಲಿಸಿಬಿಟ್ಟರೆ ಎಂಬುದೇ ನನ್ನ ದೊಡ್ಡ ಹೆದರಿಕೆಯಾಗಿತ್ತು.

ನಡುವೆ ಪಕ್ಕದ ಮನೆಯವರಿಂದ ರಾತ್ರಿ ಹತ್ತರ ಮೇಲೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶಗಳು ಬರಲು ಶುರುವಾದವು. ಪೊಲೀಸಿಗೆ ಕೊಡುತ್ತೇನೆ, ಶಿಕ್ಷಣ ಇಲಾಖೆಗೆ ಬರೆಯುತ್ತೇನೆ, ಗಂಡ ಊರಿಗೆ ಬಂದರೆ ಏರ್‌ಪೋರ್ಟಿನಲ್ಲೇ ಹಿಡಿಸುತ್ತೇನೆ. ನಾನು ಒಂದೇ ಒಂದು ಸಲ ಉತ್ತರ ಕೊಟ್ಟೆ: "ಏನಿದ್ದರೂ ಬರಹದಲ್ಲಿ ನಮ್ಮ ವಕೀಲರಿಗೆ ತಿಳಿಸಿ." ಆಮೇಲೆ ಮಾತೇ ಇಲ್ಲ. ಬ್ಲಾಕ್ ಮಾಡಲಿಲ್ಲ, ಅಳಿಸಲೂ ಇಲ್ಲ. ಮ್ಯೂಟ್ ಮಾಡಿ ಇಟ್ಟೆ. ಫೋನಿನ ಸಂದೇಶವನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಕೊಡಬೇಕಾದರೆ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು. ಆಗ ಅದು ಸಾಕ್ಷ್ಯ ಕಾಯ್ದೆಯ 65ಬಿ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 63ನೇ ಕಲಂ. ಸಂದೇಶ ಬಂದ ಅದೇ ಫೋನು ಕೈಯಲ್ಲಿದ್ದರೆ ಕೆಲಸ ಸುಲಭ. ಹಾಗಾಗಿ ಸ್ಕ್ರೀನ್ ಒಡೆದ ಆ ಹಳೆಯ ಫೋನನ್ನು ನಾನು ಬದಲಿಸಲೇ ಇಲ್ಲ.

ಊರಿನ ವಾಟ್ಸಾಪ್ ಗುಂಪಿನಲ್ಲಿ ಆ ಧ್ವನಿ ಸಂದೇಶ ಹಾಕಿಬಿಡು ಎಂದು ತುಂಬಾ ಜನ ಹೇಳಿದರು. ಹಾಕಲಿಲ್ಲ. ಹಾಕಿದ್ದರೆ ಮಾನಹಾನಿ ಎಂದು ಅವರಿಗೆ ಇನ್ನೊಂದು ನೋಟಿಸ್ ಕಳಿಸಲು ನಾನೇ ದಾರಿ ಮಾಡಿ ಕೊಟ್ಟಂತಾಗುತ್ತಿತ್ತು. ಅತ್ತೆಯದ್ದು ಬೇರೆ ಯೋಚನೆ. ಕಾಸರಗೋಡು ಕಡೆಯ ಕಾನತ್ತೂರಿನ ದೈವಸ್ಥಾನಕ್ಕೆ ಹೋಗಿ ದೈವಕ್ಕೆ ಹೇಳಿಬಿಡೋಣ ಎಂದರು. ನಮ್ಮ ಕಡೆ ಜಾಗದ ಜಗಳ ಹೀಗೆ ದೈವದ ಮುಂದೆ ಹೋಗುವುದು ಹೊಸತಲ್ಲ. ಅತ್ತೆಯ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಅದು ಎದುರಿನವರ ಕಿವಿಗೆ ಬಿದ್ದರೆ ಬೆದರಿಕೆ ಆಗುತ್ತದೆ, ಸದ್ಯಕ್ಕೆ ಮನೆಯ ದೈವಕ್ಕೆ ಮನಸ್ಸಿನಲ್ಲೇ ಹೇಳಿಕೊಳ್ಳಿ ಎಂದೆ. ಒಪ್ಪಿದರು.

ಆಗಸ್ಟಿನಲ್ಲಿ ಪಕ್ಕದ ಮನೆಯವರು ನಿಜವಾಗಿಯೂ ಪೊಲೀಸರಿಗೆ ದೂರು ಕೊಟ್ಟರು. ನಾನು ಬಯ್ದೆ, ಕಲ್ಲೆಸೆದೆ ಎಂದು. ಠಾಣೆಯಿಂದ ಫೋನ್ ಬಂತು. ಹೆಂಗಸರನ್ನು ಸಾಕ್ಷಿ ಹೇಳಿಕೆಗೆಂದು ಠಾಣೆಗೆ ಕರೆಸುವಂತಿಲ್ಲ, ಮನೆಯಲ್ಲೇ ಕೇಳಬೇಕು ಎಂಬ ನಿಯಮ ಇದೆ. ಇದು ಗೊತ್ತಿದ್ದರೂ ನಾನೇ ಹಗಲಿನಲ್ಲಿ, ಸಹೋದ್ಯೋಗಿಯನ್ನು ಕರೆದುಕೊಂಡು ಹೋದೆ. ಬಾಯಿಮಾತಿನ ಬದಲು ಒಂದು ಪುಟದ ಹೇಳಿಕೆ ಕೊಟ್ಟೆ. ಜೊತೆಗೆ ನೋಟಿಸಿನ ಉತ್ತರ, ಅಳತೆ ಅರ್ಜಿಯ ಪ್ರತಿ. ಕಲ್ಲೆಸೆದೆ ಎಂದ ದಿನ, ಆ ಹೊತ್ತಿಗೆ ನಾನು ಶಾಲೆಯಲ್ಲಿ ಹಾಜರಿದ್ದೆ. ನೋಟಿಸ್ ಬಂದ ದಿನದಿಂದ ದಿನಾಂಕ, ಗಂಟೆ, ಏನಾಯಿತು, ಯಾರು ನೋಡಿದರು ಎಂದು ಒಂದು ನೋಟ್ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅದು ಇಲ್ಲಿ ಕೆಲಸಕ್ಕೆ ಬಂತು. ಠಾಣೆಯವರು ಇದು ಸಿವಿಲ್ ವಿಷಯ, ಕೋರ್ಟಿನಲ್ಲಿ ಬಗೆಹರಿಸಿಕೊಳ್ಳಿ ಎಂದು ಹಿಂಬರಹ (ದೂರಿಗೆ ಬರಹದಲ್ಲಿ ಕೊಡುವ ಉತ್ತರ) ಕೊಟ್ಟರು. ಆ ಹಿಂಬರಹವನ್ನು ಕೇಳಿ ಪಡೆಯಲೇಬೇಕು. ಜಾಗದ ಗಡಿ ಎಲ್ಲಿ ಎಂದು ತೀರ್ಮಾನಿಸುವುದು ಪೊಲೀಸರ ಕೆಲಸವಲ್ಲ, ಇದು ಅವರಿಗೂ ಗೊತ್ತು.

ಇನ್ನು ಅಳತೆ. ಮನೆಯಲ್ಲಿದ್ದ ಕಾಗದಗಳನ್ನು ಮೊದಲು ಒಟ್ಟು ಮಾಡಿದೆ. ಕ್ರಯಪತ್ರ, ಪಹಣಿ, ಋಣಭಾರ ಪತ್ರ, ಭೂ ಪರಿವರ್ತನೆಯ ಆದೇಶ, ನಕ್ಷೆ. ಆಮೇಲೆ ಹದ್ದುಬಸ್ತಿಗೆ ಅರ್ಜಿ ಹಾಕಿದೆ. ಸರ್ಕಾರಿ ಭೂಮಾಪಕರು ಬಂದು ದಾಖಲೆಯ ಪ್ರಕಾರ ಗಡಿ ಗುರುತಿಸುವುದಕ್ಕೆ ಹದ್ದುಬಸ್ತು ಎನ್ನುತ್ತಾರೆ. ಖಾಸಗಿ ಸರ್ವೆಯವರಿಂದ ಮಾಡಿಸಿದರೆ ಬೇಗ ಆಗುತ್ತದೆ, ಆದರೆ ಜಗಳ ಇರುವಲ್ಲಿ ಎದುರಿನವರು ಅದನ್ನು ಒಪ್ಪುವುದಿಲ್ಲ. ಮಳೆ, ಪೊದೆ, ಸರದಿ ಎಲ್ಲ ಸೇರಿ ನಮ್ಮ ದಿನ ಬಂದಾಗ ನವೆಂಬರ್ ಆಗಿತ್ತು. ಅಕ್ಕಪಕ್ಕದವರಿಗೆಲ್ಲ ಮೊದಲೇ ನೋಟಿಸ್ ಹೋಗುತ್ತದೆ. ಅವರೂ ಬಂದು ನಿಂತರು.

ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅಳೆದರು. ಹಳೆಯ ಗಡಿಕಲ್ಲು ಒಂದು ಹಲಸಿನ ಬೇರಿನಡಿ ಸಿಕ್ಕಿತು. ಉದ್ದದ ಪಾಗಾರ ಸರಿಯಾಗಿತ್ತು, 4 ಇಂಚು ನಮ್ಮ ಒಳಗೇ ಇತ್ತು. ಹಿಂದಿನ ಮೂಲೆಯಲ್ಲಿ ಮಾತ್ರ, 14 ಅಡಿ ಉದ್ದಕ್ಕೆ, ನಮ್ಮ ಕೆಂಪುಕಲ್ಲಿನ ಗೋಡೆ ಅವರ ಜಾಗಕ್ಕೆ 11 ಇಂಚು ಹೋಗಿತ್ತು. ಅವರು ಹೇಳಿದ 3 ಅಡಿ ಅಲ್ಲ. ಆದರೆ ತಪ್ಪು ನಮ್ಮದೇ. ನನಗೆ ನಿಜಕ್ಕೂ ಬೇಸರವಾಯಿತು. ಉತ್ತರದಲ್ಲಿ "ಒಂದಿಂಚೂ ಇಲ್ಲ" ಎಂದು ಬರೆದಿದ್ದರೆ ಅಂದೇ ನಾನು ಸುಳ್ಳುಗಾರ್ತಿ ಆಗುತ್ತಿದ್ದೆ. ಮಾರನೇ ದಿನವೇ ಒಡೆಸುತ್ತೇನೆ ಎಂದೆ. ವಕೀಲರು ತಡೆದರು. "ಒಡೆಯುವ, ಆದರೆ ಒಪ್ಪಂದದಲ್ಲಿ ಬರೆದು ಒಡೆಯುವ. ಈಗ ಸುಮ್ನೆ ಒಡೆದರೆ ತೋಡಿನ ಮಾತು ಅಲ್ಲಿಗೇ ಮುಗಿಯುತ್ತದೆ." ಇನ್ನೊಂದು ವಿಷಯವನ್ನೂ ಅವರು ಹೇಳಿದರು. ಭೂಮಾಪಕರು ಗಡಿ ತೋರಿಸುತ್ತಾರೆ, ಅಷ್ಟೇ. ಖಾಸಗಿ ಜಾಗದ ಒತ್ತುವರಿ ತೆರವಿಗೆ ಕೋರ್ಟೇ ಆಗಬೇಕು.

ತೋಡಿಗೆ ನಕ್ಷೆಯಲ್ಲಿ ಗೆರೆ ಇರಲಿಲ್ಲ. ಅದು ಅವರ ಜಾಗದೊಳಗೇ ಇತ್ತು. ಹಾಗಿದ್ದರೂ 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಿಂದ ಬಳಸಿಕೊಂಡು ಬಂದ ನೀರಿನ ದಾರಿಗೆ 1882ರ ಈಸ್‌ಮೆಂಟ್ ಕಾಯ್ದೆಯ (ಇನ್ನೊಬ್ಬರ ಜಾಗದ ಮೇಲಿನ ಬಳಕೆಯ ಹಕ್ಕಿನ ಕಾಯ್ದೆ) 15ನೇ ಕಲಂನಲ್ಲಿ ರಕ್ಷಣೆ ಇದೆ. ಆದರೆ 20 ವರ್ಷ ಎಂದು ತೋರಿಸುವುದು ಹೇಗೆ? ಅತ್ತೆ ಎರಡು ದಿನ ಯೋಚಿಸಿ ಕಪಾಟಿನಿಂದ ನಾದಿನಿಯ ಮದುವೆ ಆಲ್ಬಮ್ ತೆಗೆದರು. 1999ರ ಮದುವೆ. ಒಂದು ಫೋಟೋದಲ್ಲಿ ದಿಬ್ಬಣದವರು ಮೇಲಿನ ಹಿತ್ತಲಿನಿಂದ ಒಂದು ಮರದ ಕಾಲುಸಂಕ ದಾಟಿ ನಮ್ಮ ಅಂಗಳಕ್ಕೆ ಬರುತ್ತಿದ್ದಾರೆ. ಸಂಕದ ಅಡಿಯಲ್ಲಿ ತೋಡು ಸ್ಪಷ್ಟವಾಗಿ ಕಾಣುತ್ತದೆ. ಹಿಂದೆ ನಮ್ಮ ಹಲಸಿನ ಮರ. ಫೋಟೋದ ಬೆನ್ನಿಗೆ ಸ್ಟುಡಿಯೋದ ಸೀಲು, ದಿನಾಂಕ. ಜಾಗ ಮಾರಿದ ಹಳೆಯ ಮಾಲೀಕರನ್ನೂ ಅತ್ತೆಯೇ ಹೋಗಿ ಕಂಡರು. "ತೋಡು ನಮ್ಮ ಅಜ್ಜನ ಕಾಲದ್ದು ಅಕ್ಕ, ಬೇಕಾದರೆ ಬರೆದುಕೊಡ್ತೇನೆ" ಎಂದು ಅವರು ಬರೆದುಕೊಟ್ಟರು. ನಾನು ಓಡಾಡಿ ತಂದ ಕಾಗದಗಳಿಗಿಂತ ಇವೆರಡಕ್ಕೇ ತೂಕ ಜಾಸ್ತಿ ಎಂದು ನಾನು ನಂಬುತ್ತೇನೆ.

ಪಂಚಾಯತಿಗೂ ಪಕ್ಕದ ಮನೆಯವರು ನಮ್ಮ ಮೇಲೆ ದೂರು ಕೊಟ್ಟಿದ್ದಾರೆಂದು ಕೇಳಿದೆ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಪ್ರತಿ ಕೇಳಿದೆ. 30 ದಿನದೊಳಗೆ ಸಿಕ್ಕಿತು. ದೊಡ್ಡದೇನೂ ಇರಲಿಲ್ಲ.

2023ರ ಆರಂಭದಲ್ಲಿ ಉಡುಪಿ ಕೋರ್ಟಿನ ಆವರಣದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟೆವು. ದಾವೆ ಹೂಡುವ ಮೊದಲೇ ಲೋಕ ಅದಾಲತ್ ಮೂಲಕ ರಾಜಿ ಮಾಡಿಕೊಳ್ಳಲು ದಾರಿ ಇದೆ, ಕೋರ್ಟ್ ಶುಲ್ಕ ಇಲ್ಲ. ನನಗೆ ಆಮೇಲೆ ತಿಳಿದ ಇನ್ನೊಂದು ವಿಷಯ: ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಇಲ್ಲಿ ಉಚಿತವಾಗಿ ವಕೀಲರ ನೆರವು ಕೇಳಬಹುದು. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಆ ಜುಲೈ ರಾತ್ರಿ ನನಗೆ ಈ ನಂಬರ್ ಗೊತ್ತಿರಬೇಕಿತ್ತು.

ಮೊದಲ ಸಲ ಪಕ್ಕದ ಮನೆಯವರು ಬರಲಿಲ್ಲ. ಎರಡನೇ ಸಲ ಬಂದರು. ಮೇಜಿನ ಆಚೆ ಕೂತಾಗ ಅವರ ಹೆದರಿಕೆಯೂ ಕಂಡಿತು. ಬ್ಯಾಂಕ್ ಸಾಲ ಮಾಡಿ ಕಟ್ಟಿದ ಮನೆ. ತೋಡು ಬಿಡಿಸಿದರೆ ತುಂಬಿಸಿದ ಮಣ್ಣು ಜರಿದು ಅಡಿಪಾಯಕ್ಕೆ ತೊಂದರೆ ಆಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಇದನ್ನು ಅವರು ಮೊದಲೇ ಹೇಳಿದ್ದರೆ ಒಂದು ವರ್ಷ ಉಳಿಯುತ್ತಿತ್ತು. ತೋಡಿನ ಬದಲು ಅದೇ ಜಾಗದಲ್ಲಿ ಸಿಮೆಂಟ್ ಪೈಪ್ ಹಾಕಿದರೆ ನಮಗೆ ಸಾಕು ಎಂದೆವು. ಪೈಪಿನ ಖರ್ಚು ಅವರದ್ದು. 14 ಅಡಿ ಗೋಡೆ ಒಡೆದು ಸರಿಯಾದ ಗಡಿಯಲ್ಲಿ ಕಟ್ಟುವ ಖರ್ಚು ನಮ್ಮದು. ಪರಿಹಾರದ ಮಾತು, ಪೊಲೀಸ್ ದೂರು ಎರಡೂ ಬಿಡುವುದು. ಅದಾಲತ್‌ನ ಇಂಥ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿ ಇಲ್ಲ. ಆದ್ದರಿಂದ ಸಹಿ ಹಾಕುವ ಮೊದಲು ಪ್ರತಿ ಸಾಲನ್ನೂ ಅತ್ತೆಗೆ ಓದಿ ಹೇಳಿದೆ.

ಅತ್ತೆ ಒಂದು ಸಾಲು ಸೇರಿಸಲು ಹೇಳಿದರು. ಮಳೆಗಾಲದಲ್ಲಿ ಪೈಪಿನ ಬಾಯಿಗೆ ತರಗೆಲೆ ಕಟ್ಟುತ್ತದೆ, ವಾರಕ್ಕೊಮ್ಮೆ ಯಾರು ತೆಗೆಯುವುದೆಂದು ಬರೆಯಿರಿ ಎಂದು. ಮೇಲಿನ ಬಾಯಿ ಅವರು, ಕೆಳಗಿನದ್ದು ನಾವು ಎಂದು ಬರೆದರು. ಅವರು ನಮ್ಮೊಂದಿಗೆ ಈಗಲೂ ಮಾತಾಡುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾನುವಾರ ಬೆಳಿಗ್ಗೆ ಅವರು ಆ ಬದಿಯ ಎಲೆ ತೆಗೆಯುತ್ತಾರೆ, ನಾನು ಈ ಬದಿಯದ್ದು ತೆಗೆಯುತ್ತೇನೆ.